ಮೊದಲು ಬಿಲ್ ಬುಕ್ಕು, ಆಮೇಲೆ ಕಾರ್ಡು!



ಶಹಾಪುರ, ಸುರಪುರದ ಹುಡುಗರು ನಮ್ಮ ಪ್ರೆಸ್ಸಿಗೆ ಬರುತ್ತಾರೆ. ಅಂಗಡಿ ಇನ್ನೂ ತೆರೆದಿಲ್ಲ, ಬಣ್ಣದ ವಿಸಿಟಿಂಗ್ ಕಾರ್ಡು ಮೊದಲು ಬೇಕು! ಬಿಲ್ ಬುಕ್ಕು ಬೇಡವೇನಪ್ಪಾ ಎಂದರೆ, "ಅದು ಆಮ್ಯಾಲ ನೋಡೋಣ್ರಿ" ಎನ್ನುತ್ತಾರೆ. ಅಂಥವರಿಗೆ ನಾನು ಅಮೆರಿಕದ ಸಾಹುಕಾರರ ಕಥೆ ಹೇಳುವುದಿಲ್ಲ. ನಮ್ಮ ಗದಗಿನ ವಿಜಯ ಸಂಕೇಶ್ವರರ ಕಥೆ ಹೇಳುತ್ತೇನೆ.

ಅವರದು ಮುದ್ರಣದ ಮನೆತನ. (ನಮ್ಮ ಕಸುಬಿನವರೇ ಎಂಬ ಹೆಮ್ಮೆ ನನಗೆ!) ಆದರೂ 1976ರಲ್ಲಿ ಒಂದೇ ಒಂದು ಲಾರಿಯೊಂದಿಗೆ ಸಾಗಣೆಗೆ ಇಳಿದರು. ಗದಗ ಸಾಲದೆಂದು ಹುಬ್ಬಳ್ಳಿಗೆ ಹೋದರು. ಇಡೀ ಲಾರಿ ಬಾಡಿಗೆ ಹಿಡಿಯಲಾರದ ಸಣ್ಣ ವ್ಯಾಪಾರಿಯ ನಾಲ್ಕು ಗಂಟನ್ನೂ ಪಾರ್ಸೆಲ್ ಮಾಡಿ ಮುಟ್ಟಿಸಿದರು. ವಿಆರ್‌ಎಲ್ ಬೆಳೆದದ್ದು ಇಂಥ ಚಿಲ್ಲರೆ ಗಂಟುಗಳಿಂದ! 1999ರಲ್ಲಿ ಅದೇ ಮುದ್ರಣಕ್ಕೆ ಮರಳಿ 'ವಿಜಯ ಕರ್ನಾಟಕ' ತಂದರು. ಸಾಗಿಸಲು ಸ್ವಂತ ಗಾಡಿಗಳಿದ್ದವು. ಕೆಲವೇ ವರ್ಷಗಳಲ್ಲಿ ಅದು ಕನ್ನಡದ ಅತಿ ಹೆಚ್ಚು ಪ್ರಸಾರದ ದಿನಪತ್ರಿಕೆಯಾಯಿತು. 2006ರಲ್ಲಿ ಅದನ್ನು ಟೈಮ್ಸ್ ಬಳಗಕ್ಕೆ ಮಾರಿದ್ದು ನನಗಂತೂ ಹಿಡಿಸಲಿಲ್ಲ. ಆದರೆ ಸುಮ್ಮನೆ ಕೂಡಲಿಲ್ಲ ನೋಡಿ, 2012ರಲ್ಲಿ 'ವಿಜಯವಾಣಿ' ಹೊರಡಿಸಿದರು.

ಈಗ ನಮ್ಮ ಕಡೆ ಬನ್ನಿ. ನಾರಾಯಣಪುರದ ಕಾಲುವೆ ನೀರಿಗೆ ಭತ್ತ, ಹತ್ತಿ ಬೆಳೆಯುತ್ತೇವೆ. ಯಾದಗಿರಿಯಲ್ಲಿ ರೈಲಿದೆ. ಆದರೂ ನಮ್ಮ ಹುಡುಗರು ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋಗುತ್ತಾರೆ! ನಮ್ಮ ಹತ್ತಿ ಹೊತ್ತು ಹೋಗುವ ಲಾರಿಯ ಬೆನ್ನ ಮೇಲೆ ಯಾರ ಹೆಸರಿದೆ, ಯಾವ ಭಾಷೆಯಲ್ಲಿದೆ? ಮುಂದಿನ ಸಲ ಹಿಂದೆ ನಿಂತು ಓದಿರಿ.

ತಮ್ಮಂದಿರೇ, ಬಿಲ್ ಬುಕ್ಕು ಮೊದಲು ಮಾಡಿಸಿ, ಅದೂ ಕನ್ನಡದಲ್ಲಿ. ಕಾರ್ಡು ನಾನೇ ಪುಕ್ಕಟೆ ಹಾಕಿಕೊಡುತ್ತೇನೆ.