ಸಿಂಕು ಕಟ್ಟಿದಾಗ ಹಸು ನೆನಪಾಯಿತು

ಮನೆ ರಿಪೇರಿ ಮಾಡಿಸುವಾಗ ಅಡುಗೆಮನೆಗೆ ಸಿಂಕು ಹಾಕಿಸಿದೆವು. ನಿಂತೇ ಪಾತ್ರೆ ತೊಳೆಯಬಹುದು ಅಂತ ಮನೆಯಾಕೆಗೆ ಖುಷಿ. ಆದರೆ ಆರು ತಿಂಗಳಲ್ಲಿ ಮೂರು ಸಲ ಕಟ್ಟಿಕೊಂಡಿತು. ಎರಡು ಸಲ ಹೊಸದುರ್ಗ ಪೇಟೆಯಿಂದ ಪ್ಲಂಬರ್ ಬಂದು ಆಸಿಡ್ ಸುರಿದು ದುಡ್ಡು ತೆಗೆದುಕೊಂಡು ಹೋದ. ಮೂರನೇ ಸಲ ನಾನೇ ಸಿಂಕಿನ ಕೆಳಗೆ ಕೂತೆ.

ಕೆಲಸ ಇಷ್ಟೇ. ಅಡಿಗೆ ಬಕೆಟ್ ಇಟ್ಟು, ಬಾಟಲಿಯಂಥ ಟ್ರ್ಯಾಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಒಳಗೆ ರಾಗಿ ಹಿಟ್ಟಿನ ಅಂಟು, ಎಣ್ಣೆ ಜಿಡ್ಡು, ಕರಿಬೇವಿನ ಕಡ್ಡಿ, ತೆಂಗಿನ ನಾರು. ತೊಳೆದು, ವಾಷರ್ ಸರಿಯಾಗಿ ಕೂರಿಸಿ ಬಿಗಿ ಮಾಡಿದೆ. ಅರ್ಧ ಗಂಟೆ ಹಿಡಿಯಿತು.

ಮುದ್ದೆ ತಿನ್ನುವ ನಾವು ಒಂದು ವಿಷಯ ತಿಳಿದಿರಬೇಕು. ಹಿಟ್ಟು ಮೆತ್ತಿದ ಪಾತ್ರೆಗೆ ಬಿಸಿನೀರು ಹಾಕಿ ಸಿಂಕಿಗೆ ಸುರಿದರೆ ಪೈಪಿನೊಳಗೆ ಇನ್ನೊಂದು ಮುದ್ದೆ ತೊಳಸಿದ ಹಾಗೆ. ಮೊದಲು ತಣ್ಣೀರಲ್ಲಿ ನೆನೆಸಿ, ಕೆರೆದು, ಆ ನೀರನ್ನು ಬೇರೆ ಬಕೆಟ್ಟಿಗೆ ಹಾಕಬೇಕು. ಜಿಡ್ಡಿಗೆ ಮಾತ್ರ ಬಿಸಿನೀರು. ಸಿಂಕಿನ ಬಾಯಿಗೆ ಜಾಲರಿ ಇರಲಿ. ತಿಂಗಳಿಗೊಮ್ಮೆ ಟ್ರ್ಯಾಪ್ ಬಿಚ್ಚಿ ತೊಳೆಯಿರಿ. ಆಸಿಡ್ ಬೇಡವೇ ಬೇಡ. ಅದು ಸಿಮೆಂಟನ್ನು ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಸಿಂಕಿನ ನೀರು ಹೋಗುವುದು ನಮ್ಮದೇ ತೆಂಗಿನ ಬುಡಕ್ಕೆ, ನೆನಪಿರಲಿ.

ಬೆಂಗಳೂರಿನಲ್ಲಿರುವ ನೆಂಟರೊಬ್ಬರು, 'ಸಿಂಕಿನ ಕೆಳಗೆ ಮುಸುರೆ ಅರೆಯುವ ಮಿಷನ್ ಹಾಕಿಸಿ ಮಾವ' ಅಂದರು. ಅಮೆರಿಕದಲ್ಲಿ ಜಾನ್ ಹ್ಯಾಮ್ಸ್ ಎಂಬುವರು 1927ರಲ್ಲಿ ಮಾಡಿದ ಯಂತ್ರವಂತೆ. ಅಲ್ಲಿಯ ನ್ಯೂಯಾರ್ಕ್ ನಗರದಲ್ಲೇ ಬಹಳ ಕಾಲ ಅದಕ್ಕೆ ನಿಷೇಧವಿತ್ತು, 1997ರಲ್ಲಷ್ಟೇ ತೆಗೆದರು. ಅರೆದದ್ದನ್ನು ತಳ್ಳಲು ನಲ್ಲಿ ಬಿಟ್ಟೇ ಇರಬೇಕು, ಆಚೆ ದೊಡ್ಡ ಒಳಚರಂಡಿ ಇರಬೇಕು. ನಾರು, ಸಿಪ್ಪೆ ಸಿಕ್ಕಿಕೊಂಡರೆ ಅದೂ ಕಟ್ಟುತ್ತದೆ. ಆಗ ಕರೆಂಟು ತೆಗೆಯದೆ ಒಳಗೆ ಕೈ ಹಾಕುವಂತಿಲ್ಲ. ನಮ್ಮದು ಎಂಥ ಸೀಮೆ? 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಕಡೆ ಮುಸುರೆ ತಳ್ಳಲು ಕುಡಿಯುವ ನೀರು ಬಿಡೋದಾ?

ನಿಜ ಹೇಳಬೇಕೆಂದರೆ, ಪೈಪು ಕಟ್ಟಲು ಶುರುವಾದದ್ದು ನಾವು ಹಸು ಮಾರಿದ ಮೇಲೆ. ಮೊದಲು ಅಕ್ಕಿ ತೊಳೆದ ನೀರು, ಸಿಪ್ಪೆ, ಗಡಿಗೆ ಕೆರೆದದ್ದು ಎಲ್ಲ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಕಸ ಅನ್ನೋದೇ ಇರಲಿಲ್ಲ. 'ಇನ್ನೊಂದು ಹಸು ತರೋಣವಾ?' ಅಂದೆ. 'ಸಗಣಿ ಬಾಚೋರು ಯಾರು, ನೀವಾ?' ಅಂದಳು. ಇಪ್ಪತ್ತೈದು ವರ್ಷ ಬಾಚಿದವಳು ಅವಳು, ನಾನಲ್ಲ. ಬಾಯಿ ಮುಚ್ಚಿಕೊಂಡೆ.

ಈಗ ಸಿಂಕಿನ ಪಕ್ಕ ಒಂದು ಬಕೆಟ್, ಹಿತ್ತಲಲ್ಲಿ ಒಂದು ಗುಂಡಿ. ಮುಸುರೆ ಸುರಿದು ಮೇಲೆ ತೆಂಗಿನ ಗರಿಯ ತುಂಡು, ಒಂದು ಬುಟ್ಟಿ ಮಣ್ಣು ಹಾಕುತ್ತೇವೆ. ಬಕೆಟ್ ಹೊರುವ ಕೆಲಸ ನನ್ನದು. ಸಿಂಕು ಮತ್ತೆ ಕಟ್ಟಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಮನೆಗೆ ಸಿಂಕು ಬರಲಿ, ಹೆಂಗಸರ ಸೊಂಟ ಉಳಿಯಲಿ. ಆದರೆ ಸಿಂಕು ಹಾಕಿಸುವ ದಿನವೇ ಮುಸುರೆಗೂ ಒಂದು ಜಾಗ ಗೊತ್ತು ಮಾಡಿ. ಹಸು ಇಲ್ಲದ ಮನೆಯವರು ಏನು ಮಾಡುತ್ತಿದ್ದೀರಿ? ಬರೆದು ತಿಳಿಸಿ.