ಸೀಬರ್ಡ್ ಮತ್ತು ದಕ್ಷಿಣ ಬೆಂಗಳೂರು
ಜಯನಗರ, ಬನಶಂಕರಿಯ ಬಂಕುಗಳಲ್ಲಿ ಸ್ಕೂಟರಿಗೆ ಪೆಟ್ರೋಲು ಹಾಕಿಸುವಾಗ ಅರಬ್ಬೀ ಸಮುದ್ರ ನೆನಪಿಗೆ ಬರುವುದಿಲ್ಲ. ಆದರೆ ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ಗೆ ಕಚ್ಚಾತೈಲ ಬರುವುದು ಆ ಸಮುದ್ರದ ಮೇಲೆ, ಹಡಗಿನಲ್ಲಿ; ಮಂಗಳೂರಿನಿಂದ ಹಾಸನದ ಮೇಲೆ ಹಾದು ಬೆಂಗಳೂರಿನ ಹೊರಗಿನ ದೇವನಗೊಂದಿವರೆಗೆ ಇಂಧನದ ಕೊಳವೆಮಾರ್ಗವಿದೆ. ಹಾಗಾಗಿ ಹಿಂದೂ ಮಹಾಸಾಗರದಲ್ಲಿ ಚೀನಾ ಬೇರೂರುತ್ತಿರುವುದು ದೆಹಲಿಯ ತಜ್ಞರಿಗಷ್ಟೇ ಬಿಟ್ಟುಕೊಡುವ ವಿಷಯವಲ್ಲ. 2014ರಲ್ಲಿ ಅದರ ಜಲಾಂತರ್ಗಾಮಿ ಕೊಲಂಬೊಗೆ ಬಂದು ನಿಂತಿತು. 2017ರಲ್ಲಿ ಜಿಬೂಟಿಯಲ್ಲಿ ಸೇನಾನೆಲೆ ತೆರೆಯಿತು. ಅದೇ ವರ್ಷ, ಚೀನಾದ ಸಾಲದಲ್ಲಿ ಕಟ್ಟಿದ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಗಳ ಗುತ್ತಿಗೆಗೆ ಚೀನೀ ಕಂಪನಿಯ ಪಾಲಾಯಿತು. ಭಾರತ ಆತಂಕ ತೋಡಿಕೊಂಡರೂ 2022ರ ಆಗಸ್ಟ್‌ನಲ್ಲಿ, ಕ್ಷಿಪಣಿ ಮತ್ತು ಉಪಗ್ರಹಗಳ ಜಾಡು ಹಿಡಿಯಬಲ್ಲ ಚೀನೀ ಹಡಗು ಯುವಾನ್ ವಾಂಗ್ 5 ಅಲ್ಲಿಗೇ ಬಂತು. ಈ ಹೊತ್ತಿನಲ್ಲಿ ನಮ್ಮ ಕರಾವಳಿಯ ಬಲ ಕಾರವಾರದ ಸೀಬರ್ಡ್ ನೌಕಾನೆಲೆ. ಅದು ಚೀನಾದ ಭಯಕ್ಕೆ ಹುಟ್ಟಿದ್ದಲ್ಲ, ಮುಂಬೈ ಬಂದರಿನ ಇಕ್ಕಟ್ಟಿಗೆ ಪರಿಹಾರವಾಗಿ ಹುಟ್ಟಿದ್ದು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. 2005ರಲ್ಲಿ ಬನವಾಸಿಯ ಕದಂಬರ ಹೆಸರು ಹೊತ್ತು ಐಎನ್‌ಎಸ್ ಕದಂಬ ಆಯಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆಯೂ ಅದೇ. ಈ ನೌಕಾನೆಲೆ ಬೇಕು, ಇನ್ನೂ ಬೆಳೆಯಲೂ ಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕಾಗಿ ಕಾರವಾರ, ಅಂಕೋಲಾ ಭಾಗದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ದಡ ಬಿಟ್ಟು ಎದ್ದವು. ಎಷ್ಟೋ ಮಂದಿ ನ್ಯಾಯವಾದ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಹಡಗುಕಟ್ಟೆಗೆ ಹಣ ಹೊಂದಿಸುವ ಸರ್ಕಾರ ಅವರ ಬಾಕಿಯನ್ನೂ ರಕ್ಷಣಾ ವೆಚ್ಚವೆಂದೇ ಎಣಿಸಿ ಮೊದಲು ತೀರಿಸಬೇಕಿತ್ತು.