ವ್ಯಾನಿನ ಬಚ್ಚಲಿಗೆ ಗಾಳಿ ಎಲ್ಲಿಂದ?

ರಾಜರಾಜೇಶ್ವರಿನಗರದ ನಮ್ಮ ಅಪಾರ್ಟ್‌ಮೆಂಟಿನ ಇಬ್ಬರು ಹುಡುಗರು ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ವ್ಯಾನ್ ಮಾಡಿಸ್ತಿದ್ದಾರೆ. ಹಾಸಿಗೆ, ಒಲೆ, ಪುಟ್ಟ ಬಚ್ಚಲು ಎಲ್ಲ ರೆಡಿ. "ಅಣ್ಣಾ, ಮನೇಲಿರೋ ಗ್ಯಾಸ್ ಗೀಸರನ್ನೇ ಬಿಚ್ಚಿ ಬಚ್ಚಲೊಳಗೆ ತಗುಲಿಸಿದ್ರೆ ಆಯ್ತಲ್ಲ? ಟ್ಯಾಂಕ್ ಇಲ್ಲ, ಜಾಗಾನೂ ಉಳಿಯುತ್ತೆ" ಅಂದರು. ಖಂಡಿತ ಬೇಡ ಅಂದೆ. ಯಾಕೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಹಂಡೆಯಲ್ಲಿ ನೀರು ಮೊದಲೇ ಕಾದು ಕೂತಿರುತ್ತೆ. ಟ್ಯಾಂಕ್ ಇಲ್ಲದ ಗೀಸರ್‌ನಲ್ಲಿ ನೀರು ಹರಿಯುತ್ತಿರುವಾಗಲೇ ಕಾಯಬೇಕು. ಅದಕ್ಕೇ ಬೆಂಕಿ ಜೋರು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸೋಕೆ ಸುಮಾರು 10.5 ಕಿಲೋವ್ಯಾಟ್ ಬೇಕು. ಮನೆಯ 3 ಕಿಲೋವ್ಯಾಟ್ ಕರೆಂಟ್ ಗೀಸರ್‌ನ ಮೂರೂವರೆ ಪಟ್ಟು! ವ್ಯಾನಿನ ಬ್ಯಾಟರಿಯಿಂದ ಅದು ಆಗೋ ಮಾತಲ್ಲ, ಗ್ಯಾಸೇ ಗತಿ.

ಈಗ ಗಾಳಿಯ ಲೆಕ್ಕ. 10 ನಿಮಿಷದ ಸ್ನಾನಕ್ಕೆ ಸುಮಾರು 160 ಗ್ರಾಂ ಗ್ಯಾಸ್ ಉರಿಯುತ್ತೆ. ಅದು ಪೂರ್ತಿ ಉರಿಯೋಕೆ ಹೆಚ್ಚುಕಮ್ಮಿ 2000 ಲೀಟರ್ ಗಾಳಿ ಬೇಕು. 3 ಅಡಿ ಉದ್ದ, 3 ಅಡಿ ಅಗಲ, 6 ಅಡಿ ಎತ್ತರದ ವ್ಯಾನ್ ಬಚ್ಚಲಲ್ಲಿ ಇರೋದೇ ಸುಮಾರು 1500 ಲೀಟರ್. ಸ್ನಾನ ಮಾಡೋರ ಉಸಿರಿಗೂ ಅದರಲ್ಲೇ ಪಾಲು. ಆಮ್ಲಜನಕ ಕಮ್ಮಿಯಾದ ಹಾಗೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ.

ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯೋದು ಅದಕ್ಕೆ ಬೇಕಂತಲೇ ಬೆರೆಸಿರೋ ವಾಸನೆ. ಇಲ್ಲಿ ಆ ಎಚ್ಚರಿಕೆಯೂ ಸಿಗಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಚಾರ್ಮಾಡಿ ಘಾಟಿ ಹತ್ತಿ ಬಂದವರು "ತಿರುವುಗಳಿಂದ ಹೀಗಾಗಿದೆ" ಅಂದುಕೊಂಡು ಬಾಗಿಲು ಹಾಕಿ ಮಲಗಿಬಿಟ್ಟರೆ ಮತ್ತೆ ಏಳೋದು ಅನುಮಾನ.

ಇಂಥ ವಾಹನಗಳಿಗೆಂದೇ ಮಾಡಿದ ಟ್ಯಾಂಕ್‌ಲೆಸ್ ಹೀಟರ್‌ಗಳಿವೆ. ಅವುಗಳ ಬೆಂಕಿಗೂಡು ವ್ಯಾನಿನ ಒಳಭಾಗಕ್ಕೆ ಪೂರ್ತಿ ಮುಚ್ಚಿರುತ್ತೆ. ಗಾಳಿ ಎಳೆಯೋದು, ಹೊಗೆ ಬಿಡೋದು ಎರಡೂ ಹೊರಗೋಡೆಯಿಂದಲೇ. ಗೋಡೆಗೆ ನೇತುಹಾಕೋ ಮನೆ ಗೀಸರ್ ಅದಕ್ಕೆ ಸಮ ಅಲ್ಲ. ದುಡ್ಡು ಹೊಂದದಿದ್ದರೆ, ವ್ಯಾನ್ ನಿಲ್ಲಿಸಿ, ಬಯಲಲ್ಲಿ ಸ್ಟೌ ಹಚ್ಚಿ, ಒಂದು ಪಾತ್ರೆ ನೀರು ಕಾಯಿಸಿ ಬಕೆಟ್‌ನಲ್ಲಿ ಬೆರೆಸಿಕೊಳ್ಳಿ. ತಂಬಿಗೆ ಸ್ನಾನಕ್ಕೇನು ಕಮ್ಮಿ? ವ್ಯಾನಿನಲ್ಲಿ ಗ್ಯಾಸ್ ಉರಿಸೋದೇ ಆದರೆ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಒಂದು ಇರಲೇಬೇಕು.

ವ್ಯಾನ್ ಇಲ್ಲದವರಿಗೂ ಈ ಲೆಕ್ಕ ಬೇಕು. ಸೊಳ್ಳೆ ಬರುತ್ತೆ ಅಂತ ವೆಂಟಿಲೇಟರ್ ಮುಚ್ಚಿದ ಬಾಡಿಗೆ ಮನೆ ಬಾತ್‌ರೂಮೂ ಒಂದು ವ್ಯಾನೇ. ಗ್ಯಾಸ್ ಗೀಸರ್ ಹೊರಗೆ, ಗಾಳಿಯಾಡೋ ಯುಟಿಲಿಟಿಯಲ್ಲಿರಲಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಸ್ನಾನಕ್ಕೆ ಹೋದವರು ಕೂಗಿದರೂ ಓಗೊಡದಿದ್ದರೆ ಕಾಯಬೇಡಿ. ಬಾಗಿಲು ತೆಗೆದು ಅವರನ್ನು ಹೊರಗೆಳೆದು ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಫೋನ್ ಮಾಡಿ.